ಹೊತ್ತಿನ ಲೆಕ್ಕ ಬಂದ ಮೇಲೆ ರೊಕ್ಕದ ಮಾತು

ದೀಪಾವಳಿ ಬಂತೆಂದರೆ ಹಾನಗಲ್ಲ, ಹಿರೇಕೆರೂರು ಕಡೆ ಹೋರಿ ಹಬ್ಬ ಶುರು. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡ ಹೋರಿ ಓಡಿದರಷ್ಟೇ ಈಗ ಸಾಲದು. ಅದಕ್ಕೊಂದು ಹೆಸರು ಬೇಕು, ಹೆಸರಿಗೊಂದು ಪೋಸ್ಟರ್ ಬೇಕು, ಅಭಿಮಾನಿ ಬಳಗದ ಟೀ ಶರ್ಟಿಗೆ ಚಿತ್ರ ಬೇಕು. ಸವಣೂರಿನಲ್ಲಿ ಖಾರದ ಪೊಟ್ಟಣಕ್ಕೆ ಲೇಬಲ್ ಕೇಳುತ್ತಾರೆ, ಶಿಗ್ಗಾಂವಿಯಲ್ಲಿ ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಲಗ್ನಪತ್ರಿಕೆ. ಫೋನಿನಲ್ಲೋ ಟ್ಯಾಬಿನಲ್ಲೋ ಚಿತ್ರ ಬಿಡಿಸಲು ಕಲಿತ ಹುಡುಗರು ನನ್ನನ್ನು ಕೇಳುವುದು ಒಂದೇ ಮಾತು: “ಸರ, ರೊಕ್ಕ ಯಾವಾಗಿಂದ ತಗೋಬೇಕ್ರಿ?”

ಕೈ ಇನ್ನೂ ಪಳಗಿಲ್ಲ ಎಂಬ ಅಳುಕು ಅವರದು. ಚಿತ್ರ ಚೆಂದವೋ ಇಲ್ಲವೋ ಎಂದು ಗಿರಾಕಿ ನೋಡಿಕೊಳ್ಳುತ್ತಾನೆ, ಅದನ್ನು ಅವನಿಗೇ ಬಿಡಿ. ಈ ಚಿತ್ರಕ್ಕೆ ಎಷ್ಟು ತಾಸು ಹಿಡಿಯುತ್ತದೆ ಎಂದು ಶುರು ಮಾಡುವ ಮೊದಲೇ ಹೇಳಬಲ್ಲಿರಾ? ಹೇಳಿದ ಹೊತ್ತು, ಹಿಡಿದ ಹೊತ್ತು ಹೆಚ್ಚುಕಡಿಮೆ ತಾಳೆಯಾಗತೊಡಗಿದ ದಿನದಿಂದ ದುಡ್ಡು ಕೇಳಿ. ಅಲ್ಲಿಯವರೆಗೆ ಮಾಡಿದ್ದೆಲ್ಲ ಅಭ್ಯಾಸ.

ಅಭ್ಯಾಸಕ್ಕೆ ಖರ್ಚು ಬೇಕಿಲ್ಲ. ಕ್ರಿಟಾ ತಂತ್ರಾಂಶ ಉಚಿತ, ಫೋನಿನಲ್ಲಾದರೆ ಐಬಿಸ್ ಪೇಂಟ್ ಸಾಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ್ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳು ಅಲ್ಲಿ ಅಲುಗದೆ ನಿಂತಿವೆ. ಒಂದನ್ನು ಆರಿಸಿಕೊಂಡು, ಗಡಿಯಾರ ನೋಡುತ್ತ, ಬೇರೆ ಬೇರೆ ದಿನ ಬಿಡಿಸಿ. ಒಮ್ಮೆ ನಾಲ್ಕು ತಾಸು, ಇನ್ನೊಮ್ಮೆ ಹನ್ನೊಂದು ತಾಸು ಹಿಡಿದರೆ ನೀವಿನ್ನೂ ದರ ಹೇಳುವ ಹಂತಕ್ಕೆ ಬಂದಿಲ್ಲ.

ತಾಸು ಗೊತ್ತಾದರೆ ದರ ತಾನಾಗಿಯೇ ಹೊರಡುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ತಾಸಿನ ಲೆಕ್ಕ ಹಿಡಿದರೆ ತಾಸಿಗೆ ಸುಮಾರು 46 ರೂಪಾಯಿ. ಹದಿನಾರು ತಾಸು ಕೂತು ಮಾಡಿದ ಹೋರಿ ಪೋಸ್ಟರನ್ನು 300 ರೂಪಾಯಿಗೆ ಕೊಟ್ಟರೆ, 740 ರೂಪಾಯಿಯ ಕೂಲಿ ಬಿಟ್ಟು ಅರ್ಧಕ್ಕೂ ಕಡಿಮೆಗೆ ದುಡಿದಂತಾಯಿತು. ಖಾತ್ರಿ ಕೂಲಿಯೇ ನಿಮ್ಮ ದರದ ತಳ. ಅದರ ಮೇಲೆ ಕರೆಂಟು, ಡೇಟಾ, ಮುಂದೆ ಕೊಳ್ಳಬೇಕಾದ ಪೆನ್ ಟ್ಯಾಬ್ಲೆಟ್ ಸೇರಿಸಿ. 4,000 ರೂಪಾಯಿಯ ಟ್ಯಾಬ್ಲೆಟ್ಟಿಗೆ ಪ್ರತಿ ಚಿತ್ರದಿಂದ 100 ರೂಪಾಯಿ ತೆಗೆದಿಟ್ಟರೂ ನಲವತ್ತು ಚಿತ್ರ ಬೇಕು. ಸಾಲ ಮಾಡಿ ಮೊದಲೇ ಕೊಳ್ಳಬೇಡಿ.

ನಾನು ಕೆಲಸ ಕಲಿತದ್ದು ಫ್ಲೆಕ್ಸ್ ಅಂಗಡಿಯಲ್ಲಿ. ಅಲ್ಲಿ ದರವೆಲ್ಲ ಚದರ ಅಡಿಯ ಮೇಲೆ. ಡಿಸೈನಿಗೆ ಬೇರೆ ರೊಕ್ಕ ಕೇಳುವ ರೂಢಿಯೇ ಇರಲಿಲ್ಲ. ಹೀಗಾಗಿ ಪ್ರಿಂಟಿಗೆ ದುಡ್ಡು, ಚಿತ್ರ ಪುಕ್ಕಟೆ ಎಂಬುದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಹುಟ್ಟುಹಬ್ಬದ ಬ್ಯಾನರಿಗೆ ಫೋಟೋ ಕೂಡಿಸುವ ಕೆಲಸದಲ್ಲಿ ಆ ಅಂಗಡಿಗಳ ಜೊತೆ ಪೈಪೋಟಿಗಿಳಿದರೆ ನಿಮ್ಮ ಕೈಗೆ ಏನೂ ಹತ್ತುವುದಿಲ್ಲ. ತನ್ನ ಹೋರಿಯ ಕೋಡಿನ ಬಾಗು, ಹಣೆಯ ಚುಕ್ಕಿ ಚಿತ್ರದಲ್ಲಿ ಹಾಗೆಯೇ ಬರಬೇಕೆನ್ನುವ ಮಾಲೀಕನೇ ನಿಮ್ಮ ಗಿರಾಕಿ. ಅವನು ಬರೆದ ಕೈಗೆ ದುಡ್ಡು ಕೊಡುತ್ತಾನೆ.

ಕೊಡುತ್ತಾನೆ, ಆದರೆ “ಹಬ್ಬ ಆದಮ್ಯಾಲ ಕೊಡ್ತೀನಿ ತಮ್ಮಾ” ಅನ್ನುತ್ತಾನೆ. ಆ ಉದ್ರಿಗೆ ಒಪ್ಪಬೇಡಿ. ಎತ್ತಿನ ಪೇಟೆಯಲ್ಲಿ ಸಂಚಕಾರ ಕೊಟ್ಟೇ ಮಾತು ಗಟ್ಟಿ ಮಾಡಿಕೊಳ್ಳುವ ಮನುಷ್ಯ ಅವನು. ಅರ್ಧ ಹಣ ಮುಂಗಡ ಕೇಳಿದರೆ ಸಿಟ್ಟಾಗುವುದಿಲ್ಲ. ಉಳಿದರ್ಧ ಬಂದ ಮೇಲೆ ದೊಡ್ಡ ಫೈಲು ಕಳಿಸಿ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದುಡ್ಡು ಎಂದು ಮೊದಲೇ ಮೆಸೇಜು ಹಾಕಿ. ಇಲ್ಲದಿದ್ದರೆ ಬಳಗದ ಹತ್ತು ಮಂದಿ ಹತ್ತು ಬಣ್ಣ ಹೇಳುತ್ತಾರೆ, ನಿಮ್ಮ ತಾಸಿನ ಲೆಕ್ಕ ಹಳ್ಳ ಹಿಡಿಯುತ್ತದೆ.

ಅದೇ ಮೆಸೇಜಿನಲ್ಲಿ ಇನ್ನೊಂದು ಸಾಲೂ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಪೋಸ್ಟರಿಗೆಂದು ಬರೆದದ್ದನ್ನು ಟೀ ಶರ್ಟಿನ ಮೇಲೂ ಅಚ್ಚು ಹಾಕಿಸಿದರೆ, ಒಪ್ಪಂದವಿಲ್ಲದೆ ನೀವು ಕೇಳಲು ಬರುವುದಿಲ್ಲ. ‘ಪೋಸ್ಟರಿಗೆ ಮಾತ್ರ, ಚಿತ್ರದ ಹಕ್ಕು ನನ್ನದು’ ಎಂದು ಬರೆದು ಅವರಿಂದ ಒಪ್ಪಿಗೆ ಪಡೆದಿದ್ದರೆ ಟೀ ಶರ್ಟಿಗೆ ಬೇರೆ ದರ ಹೇಳಬಹುದು.

ಬಂಧುಬಳಗದ ಕೆಲಸವನ್ನು ಈ ಲೆಕ್ಕದಿಂದ ಹೊರಗಿಡಿ. ಸೋದರಮಾವನ ಮಗಳ ಲಗ್ನಪತ್ರಿಕೆ ನಿಮ್ಮ ಮುಯ್ಯಿ. ಅದಕ್ಕೆ ಅರ್ಧ ದರ ತೆಗೆದುಕೊಂಡರೆ ಊರಿಗೆಲ್ಲ ಅದೇ ದರವಾಗಿಬಿಡುತ್ತದೆ. ಪುಕ್ಕಟೆ ಕೊಡಿ, ಇಲ್ಲವೇ ಪೂರ್ತಿ ತೆಗೆದುಕೊಳ್ಳಿ.

ಈ ದುಡ್ಡು ವರ್ಷವಿಡೀ ಬರುವುದಿಲ್ಲ. ದೀಪಾವಳಿಯಿಂದ ಹೋರಿ, ಆಮೇಲೆ ಬೇಸಿಗೆಯವರೆಗೆ ಜಾತ್ರೆ, ಮದುವೆ. ಆಷಾಢದಲ್ಲಿ ಕೇಳುವವರಿಲ್ಲ. ಆದ್ದರಿಂದ ಓದನ್ನೋ ಇರುವ ಕೆಲಸವನ್ನೋ ಈ ಗಳಿಕೆ ನಂಬಿ ಬಿಡಬೇಡಿ. ಆಷಾಢದಲ್ಲಿ ಗಡಿಯಾರ ಹಿಡಿದು ಕೈ ಸಾಧಿಸಿ, ಮಹಾನವಮಿಗೆ ದರದ ಪಟ್ಟಿಯನ್ನು ಸ್ಟೇಟಸ್ಸಿಗೆ ಹಾಕಿ, ದೀಪಾವಳಿಗೆ ಮೊದಲ ಮುಂಗಡ ತೆಗೆದುಕೊಳ್ಳಿ. ನಿಮ್ಮಲ್ಲಿರುವ ತಾಸಿಗಿಂತ ಹೆಚ್ಚು ಕೆಲಸ ಬರತೊಡಗಿದರೆ ನಿದ್ದೆಗೆಡಬೇಡಿ, ದರ ಏರಿಸಿ.