ಆಸ್ಪತ್ರೆ ಚೀಟಿ ಓದಿಕೊಳ್ಳುವುದು ಹೇಗೆ?

ಬದನಗುಪ್ಪೆ ಹಳ್ಳಿಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಚಾಮರಾಜನಗರ, ಅಲ್ಲೂ ಆಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಹೋದಲ್ಲೆಲ್ಲ ಡಾಕ್ಟರು, ನರ್ಸು ಬದಲಾಗುತ್ತಾರೆ. ಉದ್ದಕ್ಕೂ ರೋಗಿಯ ಪಕ್ಕದಲ್ಲಿ ಇರುವವರು ಜೊತೆಗೆ ಹೋದ ಮನೆಯವರು ಮಾತ್ರ. ಹಾಗಾಗಿ ಚೀಟಿಯನ್ನು ಮಡಚಿ ಜೇಬಿಗೆ ಹಾಕುವ ಮುನ್ನ ಓದಿ.

ಮೊದಲು ಹೆಸರು, ವಯಸ್ಸು ಸರಿಯಿದೆಯೇ ನೋಡಿ. ಯಾವುದಾದರೂ ಇಂಜೆಕ್ಷನ್, ಮಾತ್ರೆ ಮೈಗೆ ಆಗದಿದ್ದರೆ ಡಾಕ್ಟರು ಕೇಳುವ ತನಕ ಕಾಯದೆ ಹೇಳಿ, ‘ಅಲರ್ಜಿ’ ಎಂದು ಬರೆಸಿ. ಮನೆಯಲ್ಲಿ ನುಂಗುತ್ತಿರುವ ಬಿಪಿ, ಶುಗರ್ ಮಾತ್ರೆಗಳ ಜೊತೆ ನಾಟಿ ಔಷಧಿಯನ್ನೂ ಮುಚ್ಚಿಡದೆ ತಿಳಿಸಿ.

ಕಾಯಿಲೆಯ ಹೆಸರಿನ ಮುಂದೆ ‘ಅಕ್ಯೂಟ್’ ಎಂದಿದ್ದರೆ ಅದು ಇದ್ದಕ್ಕಿದ್ದಂತೆ ಶುರುವಾದದ್ದು. ‘ಕ್ರಾನಿಕ್’ ಎಂದರೆ ಬಹುಕಾಲ ಉಳಿಯುವಂಥದ್ದು. ಬಿಪಿ ಅಂಥದ್ದು, ಹತೋಟಿಗೆ ಬಂತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬಾರದು.

‘ಎಸ್‌ಪಿಒ2’ ಎಂದರೆ ಸ್ಯಾಚುರೇಶನ್, ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಕೋವಿಡ್ ರೋಗಿಗಳು ಪ್ರಾಣ ಬಿಟ್ಟದ್ದನ್ನು ಈ ಸೀಮೆಯವರು ಮರೆಯುವಂತಿಲ್ಲ. ಆರೋಗ್ಯವಂತರಲ್ಲಿ ಸ್ಯಾಚುರೇಶನ್ ಸಾಮಾನ್ಯವಾಗಿ 95ರಿಂದ 100. ವಾರ್ಡಿನಲ್ಲಿದ್ದಾಗ ‘ಈಗ ಎಷ್ಟಿದೆ?’ ಎಂದು ಕೇಳುತ್ತಿರಿ. ಮನೆಯಲ್ಲಿ 90ಕ್ಕಿಂತ ಕೆಳಗಿಳಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಮೆಡಿಕಲ್ ಸ್ಟೋರಿನಲ್ಲಿ ಇನ್ನೊಮ್ಮೆ ಚೀಟಿ ಬಿಚ್ಚಿ. ‘ಒಡಿ’ ದಿನಕ್ಕೊಂದು ಸಲ, ‘ಬಿಡಿ’ ಎರಡು ಸಲ, ‘ಟಿಡಿಎಸ್’ ಮೂರು ಸಲ, ‘ಎಚ್‌ಎಸ್’ ಮಲಗುವಾಗ. 1-0-1 ಎಂದರೆ ಬೆಳಿಗ್ಗೆ ಮತ್ತು ರಾತ್ರಿ. ಹೆಚ್ಚು ಎಡವುವುದು ‘ಎಸ್‌ಒಎಸ್’ನಲ್ಲಿ: ನೋವೋ ಜ್ವರವೋ ಇದ್ದಾಗ ಮಾತ್ರ ಅದು, ದಿನವೂ ಅಲ್ಲ. ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಗಂಟೆ ಬಿಡಬೇಕು, ದಿನಕ್ಕೆ ಎಷ್ಟು ಮೀರಬಾರದು ಎಂದು ಕೇಳಿ. ಡೋಲೊ, ಕ್ಯಾಲ್ಪಾಲ್ ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ಬೇರೆ ಹೆಸರೆಂದು ಎರಡನ್ನೂ ನುಂಗಿದರೆ ಪ್ರಮಾಣ ಮಿತಿಮೀರಿ ಲಿವರ್ ಕೆಡುವ ಅಪಾಯವಿದೆ.

‘ರೆಫರ್’ ಮಾಡಿದಾಗ, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವಾಗ, ಯಾವ ಔಷಧಿ, ಎಷ್ಟು ಹೊತ್ತಿಗೆ ಕೊಟ್ಟರೆಂಬುದು ಪತ್ರದಲ್ಲಿ ಇರಲೇಬೇಕು. ಅರಿಸಿನದ ಹೊಲದಲ್ಲಿ ಹಾವು ಕಚ್ಚಿ ಮೈಸೂರಿಗೆ ಕಳಿಸಿದರೆ ಇದು ಪ್ರಾಣದ ಪ್ರಶ್ನೆ. ಕಚ್ಚಿದ ಸಮಯ, ‘ಎಎಸ್‌ವಿ’ ಅಂದರೆ ವಿಷಕ್ಕೆ ಕೊಡುವ ಮದ್ದು ಎಷ್ಟು ವಯಲ್ ಹೋಗಿದೆ ಎಂಬುದನ್ನು ಬರೆಸಿಕೊಂಡೇ ಆಂಬುಲೆನ್ಸ್ ಹತ್ತಿ.

ಸಹಿ ಕೇಳಿದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ‘ಕನ್ಸೆಂಟ್’ ಎಂದರೆ ಆಪರೇಷನ್ನಿಗೆ ನಿಮ್ಮ ಒಪ್ಪಿಗೆ. ‘ಲಾಮಾ’ ಅಥವಾ ‘ಡಾಮಾ’ ಎಂದಿದ್ದರೆ ವೈದ್ಯರು ಬೇಡವೆಂದರೂ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ ಎಂದರ್ಥ. ದುಡ್ಡಿನ ಚಿಂತೆಯಿಂದ ಹೊರಟಿದ್ದರೆ ಸಹಿಗೆ ಮೊದಲು ಆಯುಷ್ಮಾನ್ ಕಾರ್ಡಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಡಿಸ್ಚಾರ್ಜ್ ದಿನ ಎರಡು ಪ್ರಶ್ನೆ ಬಿಡಬೇಡಿ: ‘ರಿವ್ಯೂ’ಗೆ, ಅಂದರೆ ಮತ್ತೆ ತೋರಿಸಲು, ಯಾವ ದಿನ ಬರಬೇಕು, ಏನು ಕಂಡರೆ ಆ ದಿನಕ್ಕೆ ಕಾಯದೆ ಓಡಿ ಬರಬೇಕು. ಉತ್ತರವನ್ನು ಡಿಸ್ಚಾರ್ಜ್ ಸಮ್ಮರಿಯ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದು, ಎರಡೂ ಬದಿಯ ಫೋಟೊ ತೆಗೆದುಕೊಂಡು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.