ಸಾಕು ಮೊಲದ ನಡತೆ ಏಕಾಏಕಿ ಬದಲಾದರೆ

ಮಕ್ಕಳ ಕೈಯಿಂದಲೇ ಹುಲ್ಲು ತಿನ್ನುತ್ತಿದ್ದ ಮೊಲ ಒಂದು ಬೆಳಿಗ್ಗೆ ಗೂಡಿನೊಳಗೆ ಹುಚ್ಚೆದ್ದಂತೆ ಓಡಾಡುತ್ತದೆ. ಕೈ ಹಾಕಿದರೆ ಕಚ್ಚಲು ಬರುತ್ತದೆ. ಇಲ್ಲವೇ ಮೂಲೆ ಹಿಡಿದು ಕದಲದೆ ಕೂರುತ್ತದೆ. ದೃಷ್ಟಿ ತಾಗಿತೆಂದು ನಿವಾಳಿಸುವವರುಂಟು, ಹುಚ್ಚು ಹಿಡಿಯಿತೆಂದು ಕೈಬಿಡುವವರೂ ಉಂಟು. ಇವೆರಡರಿಂದಲೂ ಮೊಲ ಉಳಿಯುವುದಿಲ್ಲ. ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ನೋವನ್ನು ತೋರಗೊಟ್ಟರೆ ಶತ್ರುವಿನ ಕಣ್ಣಿಗೆ ಬೀಳಬೇಕಾಗುವುದರಿಂದ ಅದು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಆದುದರಿಂದ ನಡತೆಯಲ್ಲಿ ಕಾಣುವ ಬದಲಾವಣೆಯೇ ಅನೇಕ ವೇಳೆ ಸಾಕುವವರಿಗೆ ಸಿಗುವ ಮೊದಲ ಸೂಚನೆ.

ರೋಗವಲ್ಲದ ನಡತೆಗಳು

ಎಲ್ಲ ಬದಲಾವಣೆಗಳೂ ರೋಗದಿಂದ ಆಗುವುದಿಲ್ಲ. ಮೊಲ ಮೇಲಕ್ಕೆ ನೆಗೆದು, ಗಾಳಿಯಲ್ಲಿ ಮೈ ತಿರುಚಿ, ಮತ್ತೆ ಓಡಿದರೆ ಅದು ಉಲ್ಲಾಸದ ಲಕ್ಷಣ. ಹಿಂಗಾಲಿನಿಂದ ನೆಲವನ್ನು ದಪದಪನೆ ಬಡಿದರೆ ಅದು ಹೆದರಿದೆ ಎಂದು ಅರ್ಥ. ರಾತ್ರಿ ಈ ಸದ್ದು ಕೇಳಿದರೆ ಬೆಕ್ಕು, ನಾಯಿ, ಹೆಗ್ಗಣ ಅಥವಾ ಹಾವು ಗೂಡಿನ ಬಳಿ ಬಂದಿದೆಯೇ ಎಂದು ದೀಪ ಹಿಡಿದು ನೋಡಬೇಕು.

ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಮೊಲಗಳು ಪ್ರಾಯಕ್ಕೆ ಬರುತ್ತವೆ. ಆಗ ಗಂಡು ಮೊಲ ಮೂತ್ರ ಸಿಡಿಸುತ್ತದೆ, ಬೇರೆ ಗಂಡುಗಳೊಡನೆ ಕಾದಾಡುತ್ತದೆ. ಹೆಣ್ಣು ತನ್ನ ಗೂಡಿಗೆ ಕೈ ಹಾಕಿದವರನ್ನು ಕಚ್ಚುತ್ತದೆ. ಮೂರು ತಿಂಗಳು ತುಂಬುವಷ್ಟರಲ್ಲಿಯೇ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಗೂಡಿಗೆ ಹಾಕಿದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ.

ಹೆಣ್ಣು ಮೊಲ ಇದ್ದಕ್ಕಿದ್ದಂತೆ ಎದೆ, ಹೊಟ್ಟೆಯ ಕೂದಲು ಕಿತ್ತು, ಹುಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿದರೆ ಅದು ಮರಿ ಹಾಕುವ ಸಿದ್ಧತೆ. ಗರ್ಭದ ಅವಧಿ 30ರಿಂದ 32 ದಿನ. ಗಂಡನ್ನು ಕೂಡಿಸಿದ ತಾರೀಖನ್ನು ಬರೆದಿಟ್ಟು, 27 ಅಥವಾ 28ನೆಯ ದಿನ ಒಣಹುಲ್ಲು ಹಾಸಿದ ಮರಿ ಪೆಟ್ಟಿಗೆಯನ್ನು ಗೂಡಿನಲ್ಲಿಡಬೇಕು. ಗರ್ಭ ನಿಲ್ಲದಿದ್ದರೂ ಕೆಲವು ಹೆಣ್ಣುಗಳು 16ರಿಂದ 18 ದಿನಗಳಲ್ಲಿ ಹೀಗೆಯೇ ವರ್ತಿಸುತ್ತವೆ. ಇದು ಸುಳ್ಳು ಗರ್ಭ; ತಾನಾಗಿಯೇ ಸರಿಹೋಗುತ್ತದೆ.

ಹೊಟ್ಟೆ ಮತ್ತು ಹಲ್ಲು

ಮೇಲಿನ ಯಾವ ಕಾರಣವೂ ಕಾಣದಿದ್ದರೆ ಮೊದಲು ಮೇವಿನ ತಟ್ಟೆಯನ್ನೂ ಗೂಡಿನ ಕೆಳಗಿನ ಹಿಕ್ಕೆಯನ್ನೂ ನೋಡಬೇಕು. ಮೇವು ಹಾಗೆಯೇ ಉಳಿದು, ಹಿಕ್ಕೆ ಸಣ್ಣದಾಗಿದ್ದರೆ ಅಥವಾ ನಿಂತಿದ್ದರೆ, ಮೊಲ ಬೆನ್ನು ಗೂನು ಮಾಡಿ ಕುಳಿತು ಹಲ್ಲು ಕಡಿಯುತ್ತಿದ್ದರೆ, ಕರುಳಿನ ಚಲನೆ ನಿಂತಿದೆ ಎಂದು ತಿಳಿಯಬೇಕು. ನಾರು ಕಡಿಮೆಯಾಗಿ ಕಾಳು, ಹಿಂಡಿ ಹೆಚ್ಚಾದಾಗ ಇದು ಸಾಮಾನ್ಯ. ಮೊಲಕ್ಕೆ ವಾಂತಿ ಮಾಡಲಾಗದು. 12 ಗಂಟೆ ಮೇವು ಮುಟ್ಟದ ಮೊಲವನ್ನು ತುರ್ತು ರೋಗಿಯೆಂದೇ ಎಣಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೊಟ್ಟೆ ಉಬ್ಬಿದ್ದಾಗ ಬಲವಂತವಾಗಿ ಏನನ್ನೂ ಕುಡಿಸಕೂಡದು.

ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಸವೆಯದೆ ಬೆಳೆದ ಹಲ್ಲು ನಾಲಗೆಗೆ, ಕೆನ್ನೆಗೆ ಚುಚ್ಚುತ್ತದೆ. ಮೊಲ ಮೇವಿನ ಬಳಿ ಬಂದು ಮೂಸಿ ಹಿಂದೆ ಸರಿಯುವುದು, ಜೊಲ್ಲು ಸುರಿಸುವುದು ಇದರ ಗುರುತು. ಸದಾ ಒಣಹುಲ್ಲು ದೊರೆಯುವಂತೆ ಮಾಡುವುದೇ ಹೊಟ್ಟೆಗೂ ಹಲ್ಲಿಗೂ ಉತ್ತಮ ರಕ್ಷಣೆ.

ಕಿವಿ ಮತ್ತು ತಲೆ

ಮೊಲ ತಲೆ ಕೊಡವುತ್ತ ಹಿಂಗಾಲಿನಿಂದ ಕಿವಿ ಕೆರೆಯುತ್ತಿದ್ದರೆ ಕಿವಿಯೊಳಗೆ ಕಂದು ಬಣ್ಣದ ಹೊಪ್ಪಳಿಕೆ ಕಟ್ಟಿದೆಯೇ ಎಂದು ನೋಡಬೇಕು. ಇದು ಕಿವಿ ನುಸಿಯ ಬಾಧೆ. ಹೊಪ್ಪಳಿಕೆಯನ್ನು ಕೀಳಬಾರದು, ಬಹಳ ನೋವಾಗುತ್ತದೆ. ಪಶುವೈದ್ಯರು ಕೊಡುವ ಐವರ್‌ಮೆಕ್ಟಿನ್‌ನಿಂದ ನುಸಿ ಸಾಯುತ್ತದೆ. ಜೊತೆಯಲ್ಲಿರುವ ಮೊಲಗಳಿಗೂ ಚಿಕಿತ್ಸೆ ಆಗಬೇಕು.

ತಲೆ ಒಂದು ಪಕ್ಕಕ್ಕೆ ವಾಲಿ, ಕಣ್ಣುಗುಡ್ಡೆ ಅದುರುತ್ತ, ಮೊಲ ಸುತ್ತು ಹೊಡೆದರೆ ಅಥವಾ ಉರುಳಿಬಿದ್ದರೆ ಅದು ಹುಚ್ಚಲ್ಲ. ಒಳಕಿವಿಗೆ ಸೋಂಕು ತಗುಲಿರಬಹುದು. ಇಲ್ಲವೇ ಎನ್‌ಸೆಫಲಿಟೊಜೂನ್ ಎಂಬ ಸೂಕ್ಷ್ಮ ಪರಾವಲಂಬಿ ಮಿದುಳನ್ನು ಸೇರಿರಬಹುದು. ಎರಡನೆಯದು ರೋಗಿ ಮೊಲದ ಮೂತ್ರದಿಂದ ಹರಡುತ್ತದೆ. ಇದಕ್ಕೆ ಫೆನ್‌ಬೆಂಡಜೋಲ್ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ಬೇಗ ಆರಂಭಿಸಿದರೆ ಅನೇಕ ಮೊಲಗಳು ಚೇತರಿಸಿಕೊಳ್ಳುತ್ತವೆ. ಗೂಡು ತೊಳೆದವರು ಸೋಪಿನಿಂದ ಕೈ ತೊಳೆಯಬೇಕು. ರೋಗನಿರೋಧಕ ಶಕ್ತಿ ಕುಂದಿದವರು ಇಂಥ ಮೊಲವನ್ನು ಮುಟ್ಟದಿರುವುದು ಲೇಸು.

ಬಿಸಿಲ ಝಳ

ಮೊಲ ಬೆವರುವುದು ಅತ್ಯಲ್ಪ. ಮೈಯ ಶಾಖವನ್ನು ಮುಖ್ಯವಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಕಷ್ಟ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವುದುಂಟು. ತಗಡಿನ ಸೂರಿನ ಕೆಳಗಿನ ಗೂಡಿನಲ್ಲಿ ಮೊಲ ಮೊದಲು ಚಡಪಡಿಸಿ, ಬಳಿಕ ಕೈಕಾಲು ಚಾಚಿ ಏದುಸಿರು ಬಿಡುತ್ತದೆ. ಕೂಡಲೇ ನೆರಳಿಗೆ ತಂದು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಒರೆಸಬೇಕು. ಮೊಲವನ್ನು ನೀರಿನಲ್ಲಿ ಮುಳುಗಿಸಬಾರದು. ಗೂಡಿನ ಸುತ್ತ ಒದ್ದೆ ಗೋಣಿಚೀಲ ಕಟ್ಟುವುದು ಸುಲಭದ ಉಪಾಯ.

ವಿಷ ಮತ್ತು ಪೆಟ್ಟು

ಕೀಟನಾಶಕ ಸಿಂಪಡಿಸಿದ ಹೊಲದ ಬದುವಿನ ಹುಲ್ಲು ತಿಂದ ಮೊಲಕ್ಕೆ ಜೊಲ್ಲು, ನಡುಕ, ಸೆಳೆತ ಬರಬಹುದು. ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಔಷಧವನ್ನು ಮೊಲಕ್ಕೆ ಎಂದಿಗೂ ಹಾಕಕೂಡದು. ಅದರಿಂದ ಸೆಳೆತ ಬಂದು ಮೊಲ ಸಾಯುತ್ತದೆ. ಮನೆಯಲ್ಲಿ ಉಳಿದ ಪೆನಿಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆಗಳನ್ನೂ ತಿನ್ನಿಸಬಾರದು. ಇವು ಕರುಳಿನ ಉಪಕಾರಿ ಸೂಕ್ಷ್ಮಾಣುಗಳನ್ನು ಕೊಂದು ಮಾರಕ ಭೇದಿ ತರುತ್ತವೆ.

ಹಿಂಗಾಲುಗಳನ್ನು ಎಳೆದುಕೊಂಡು ಹೋಗುವ ಮೊಲದ ಬೆನ್ನುಮೂಳೆ ಮುರಿದಿರಬಹುದು. ಕಿವಿ ಹಿಡಿದು ಎತ್ತಿದಾಗ ಅಥವಾ ಹಿಂಭಾಗಕ್ಕೆ ಆಸರೆಯಿಲ್ಲದೆ ಹಿಡಿದಾಗ ಅದು ಒದ್ದಾಡಿ ತನ್ನ ಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಒಂದು ಕೈಯಿಂದ ಹೆಗಲ ಮೇಲಿನ ಸಡಿಲ ಚರ್ಮವನ್ನು ಹಿಡಿದು, ಇನ್ನೊಂದು ಕೈಯನ್ನು ಪೃಷ್ಠದ ಕೆಳಗೆ ಕೊಟ್ಟು ಎತ್ತುವ ಕ್ರಮವನ್ನು ಮಕ್ಕಳಿಗೆ ಮೊದಲೇ ಕಲಿಸಬೇಕು.

ನಾಯಿ ಅಥವಾ ಮುಂಗುಸಿ ಕಚ್ಚಿದ ಮೊಲದ ನಡತೆ ಬದಲಾದರೆ ರೇಬೀಸ್ ಶಂಕೆ ಇಟ್ಟುಕೊಳ್ಳಬೇಕು. ಅದನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಅದು ಯಾರನ್ನಾದರೂ ಕಚ್ಚಿದ್ದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದಿನಕ್ಕೆರಡು ಬಾರಿ ನೋಟ

ಬೆಳಿಗ್ಗೆ, ಸಂಜೆ ಮೇವು ಹಾಕುವಾಗ ಮೇವು, ಹಿಕ್ಕೆ, ಉಸಿರಾಟ, ತಲೆಯ ನಿಲುವು ಈ ನಾಲ್ಕನ್ನು ನೋಡಲು ಎರಡು ನಿಮಿಷ ಸಾಕು. ನಡತೆ ಕೆಟ್ಟ ಮೊಲವನ್ನು ಬೇರ್ಪಡಿಸಿ, ನೆರಳಿನ ಶಾಂತ ಜಾಗದಲ್ಲಿಟ್ಟು, ಯಾವಾಗ ಏನು ಕಂಡಿತೆಂದು ಬರೆದುಕೊಂಡು ಹೋದರೆ ವೈದ್ಯರಿಗೆ ರೋಗ ಪತ್ತೆ ಸುಲಭವಾಗುತ್ತದೆ. ಹತ್ತಿರದಿಂದ ಬಲ್ಲವರಿಗೆ ಮಾತ್ರ ಮೊಲದ ನೋವು ಬೇಗ ತಿಳಿಯುತ್ತದೆ.