ಒಂದೇ ಸ್ವಿಚ್ಚಿನಲ್ಲಿ ಹಲವು ಜಾಲಗಳು

ವಿದ್ಯಾಸಂಸ್ಥೆಯೊಂದರ ಕಚೇರಿ, ಗಣಕ ಪ್ರಯೋಗಾಲಯ, ವಿದ್ಯಾರ್ಥಿನಿಲಯ ಇವು ಮೂರೂ ಒಂದೇ ಸ್ವಿಚ್ಚಿಗೆ ತಂತಿಯಿಂದ ಕೂಡಿಕೊಂಡಿರುವುದು ಇಂದು ಸಾಮಾನ್ಯ ಸಂಗತಿ. ಅಲ್ಲಿ ಒಂದು ಗಣಕವು ‘ಈ ವಿಳಾಸದವರು ಯಾರು?’ ಎಂದು ಕೂಗಿದರೆ ಸ್ವಿಚ್ಚು ಆ ಕೂಗನ್ನು ಉಳಿದೆಲ್ಲ ಪೋರ್ಟುಗಳಿಗೂ ಮುಟ್ಟಿಸುತ್ತದೆ. ಇದರಿಂದ ಜಾಲಕ್ಕೆ ಹೊರೆಯಾಗುವುದು ಒಂದು ತೊಡಕು. ಅಂಕಪಟ್ಟಿಗಳೂ ದಾನಿಗಳ ಲೆಕ್ಕಪತ್ರಗಳೂ ಇರುವ ಗಣಕದ ಬಾಗಿಲನ್ನು ಪ್ರಯೋಗಾಲಯದ ಕುತೂಹಲಿ ಬಾಲಕನೂ ತಟ್ಟಬಹುದೆಂಬುದು ಅದಕ್ಕಿಂತ ದೊಡ್ಡ ತೊಡಕು. ಇದರ ಪರಿಹಾರಕ್ಕಾಗಿ ಏರ್ಪಟ್ಟುದೇ ವರ್ಚುವಲ್ ಲ್ಯಾನ್, ಅರ್ಥಾತ್ ವಿಲ್ಯಾನ್.

‘ವರ್ಚುವಲ್’ ಶಬ್ದಕ್ಕೆ ‘ಮಿಥ್ಯಾ’ ಎಂದು ಅರ್ಥ ಹೇಳುವವರುಂಟು. ಇಲ್ಲಿ ಅದು ಸಲ್ಲದು. ತಂತಿಯಿಂದಲ್ಲದೆ ವ್ಯವಸ್ಥೆಯಿಂದ ಸಿದ್ಧಿಸಿದ ಈ ವಿಭಾಗವು ಕಾರ್ಯದಲ್ಲಿ ನಿಜವೇ ಸರಿ.

ಅಗ್ಗದ ಸಾಧಾರಣ ಸ್ವಿಚ್ಚಿನಲ್ಲಿ ಇದು ಸಾಧ್ಯವಿಲ್ಲ. ನಿರ್ದೇಶನವನ್ನು ಸ್ವೀಕರಿಸುವ ಮ್ಯಾನೇಜ್ಡ್ ಸ್ವಿಚ್ಚು ಬೇಕು. ಅದರಲ್ಲಿ ಸಾಮಾನ್ಯವಾಗಿ ಎಲ್ಲ ಪೋರ್ಟುಗಳೂ ಮೊದಲಿಗೆ 1ನೆಯ ವಿಲ್ಯಾನಿನಲ್ಲಿಯೇ ಇರುತ್ತವೆ. ಕಚೇರಿಗೆ 10, ಪ್ರಯೋಗಾಲಯಕ್ಕೆ 20, ನಿಲಯಕ್ಕೆ 30 ಎಂದು ಸಂಖ್ಯೆಗಳನ್ನು ಕಲ್ಪಿಸಿ, ಆಯಾ ಗಣಕದ ಪೋರ್ಟನ್ನು ಆಯಾ ಸಂಖ್ಯೆಗೆ ಸೇರಿಸಬೇಕು. ಇಂತಹುದು ಆಕ್ಸೆಸ್ ಪೋರ್ಟು. ಐಪಿ ವಿಳಾಸಗಳ ಶ್ರೇಣಿಯೂ ಪ್ರತಿಯೊಂದಕ್ಕೆ ಬೇರೆಯಾಗಿರಬೇಕು.

ಎರಡು ಕಟ್ಟಡಗಳಲ್ಲಿ ಎರಡು ಸ್ವಿಚ್ಚುಗಳಿದ್ದರೆ ನಡುವಣ ಒಂದೇ ತಂತಿಯಲ್ಲಿ ಮೂರೂ ಜಾಲಗಳ ಸಂಚಾರ ಸಾಗಬೇಕಷ್ಟೆ. ಅದಕ್ಕೆ ಟ್ರಂಕ್ ಎಂದು ಹೆಸರು. 1998ರಲ್ಲಿ ಅಂಗೀಕೃತವಾದ 802.1ಕ್ಯೂ ಎಂಬ ಮಾನಕದ ಪ್ರಕಾರ ಅಲ್ಲಿ ಪ್ರತಿ ಚೌಕಟ್ಟಿಗೂ 4 ಬೈಟುಗಳ ಗುರುತುಪಟ್ಟಿ ಸೇರುತ್ತದೆ. ಅದರಲ್ಲಿ ವಿಲ್ಯಾನ್ ಸಂಖ್ಯೆಗೆ ಮೀಸಲಾದುದು 12 ಬಿಟ್ಟು. ಆದಕಾರಣ 4096 ಸಂಖ್ಯೆಗಳು. 0 ಮತ್ತು 4095 ಕಾದಿರಿಸಿದವಾದ್ದರಿಂದ ಬಳಕೆಗೆ ಉಳಿಯುವುವು 4094. ಯಾವ ಶಾಲೆಗೂ ಇಷ್ಟು ಬೇಡ!

ಟ್ರಂಕಿನಲ್ಲಿ ಗುರುತಿಲ್ಲದೆ ಬಂದ ಚೌಕಟ್ಟನ್ನು ಸ್ವಿಚ್ಚು ‘ನೇಟಿವ್’ ವಿಲ್ಯಾನಿನದೆಂದು ಭಾವಿಸುತ್ತದೆ. ಈ ಕಡೆ ನೇಟಿವ್ 10, ಆ ಕಡೆ 20 ಎಂದಾದರೆ ಕಚೇರಿಯ ಸಂಚಾರ ಪ್ರಯೋಗಾಲಯಕ್ಕೆ ಸೋರುತ್ತದೆ. ಎರಡೂ ತುದಿಗಳಲ್ಲಿ ಇದು ಒಂದೇ ಆಗಿರಬೇಕು.

ಇನ್ನೊಂದು ಭ್ರಮೆ ಇದಕ್ಕಿಂತ ಅಪಾಯಕರವಾದುದು. ವಿಲ್ಯಾನ್ ಮಾಡಿದೊಡನೆ ರಕ್ಷಣೆ ಪೂರ್ಣವಾಯಿತೆಂದು ಹಲವರು ತಿಳಿಯುತ್ತಾರೆ. ಆದರೆ ವಿಲ್ಯಾನುಗಳ ನಡುವೆ ಸಂಚಾರ ಬೇಕೆಂದು ರೌಟರನ್ನು ಇರಿಸಿದ ಕ್ಷಣವೇ ಮುಚ್ಚಿದ ಬಾಗಿಲುಗಳೆಲ್ಲ ತೆರೆದುಕೊಳ್ಳಬಹುದು. ಯಾರು ಎಲ್ಲಿಗೆ ಹೋಗಬಹುದೆಂಬ ನಿಯಮಗಳನ್ನು ಆ ರೌಟರಿನಲ್ಲಿ ಬರೆದು, ಪ್ರಯೋಗಾಲಯದ ಗಣಕದಿಂದ ಕಚೇರಿಯ ಗಣಕವನ್ನು ಮುಟ್ಟಲು ಯತ್ನಿಸಿ, ವಿಫಲವಾಗುವುದನ್ನು ಕಣ್ಣಾರೆ ಕಂಡಮೇಲೆಯೇ ಕೆಲಸ ಮುಗಿಯಿತೆನ್ನಬೇಕು. ಆ ಬಳಿಕ ಸಂಯೋಜನೆಯನ್ನು ಸ್ವಿಚ್ಚಿನ ಸ್ಥಿರಸ್ಮೃತಿಯಲ್ಲಿ ಉಳಿಸಬೇಕು. ಉಳಿಸದಿದ್ದರೆ ವಿದ್ಯುತ್ತು ಒಮ್ಮೆ ಹೋಗಿ ಬರುವಷ್ಟರಲ್ಲಿ ಮಾಡಿದ ಮಾರ್ಪಾಡುಗಳು ಅಳಿಸಿಹೋಗುವ ಸ್ವಿಚ್ಚುಗಳೂ ಉಂಟು.